ಪಾಠ ತೆಳುವಾಗಬಾರದು, ನಿಯಮ ಸಡಿಲವಾಗಲಿ

ದುಡಿಯುತ್ತಾ ಓದುವುದು ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಕರಾವಳಿಯ ಮೀನುಗಾರ ಸಮುದಾಯದ ಸಂಸ್ಥೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿಶಾಲೆ ಶುರುವಾಗಿದ್ದೇ 1908ರಲ್ಲಿ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಓದಿ ಬ್ಯಾಂಕ್ ಸೇರಿದವರು, ವಕೀಲರಾದವರು ಈ ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ನನ್ನ ಸಂಜೆ ತರಗತಿಯಲ್ಲಿ ಈಗ ಮಾಟುಂಗಾದ ಹೋಟೆಲ್ ಹುಡುಗರ ಪಕ್ಕದಲ್ಲೇ, ಯಾದಗಿರಿ, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳೂ ಕೂರುತ್ತಾರೆ. ‘ಪಾಪ, ದಣಿದು ಬರ್ತಾರೆ, ಇಷ್ಟು ಹೇಳಿಕೊಟ್ರೆ ಸಾಕು’ ಅನ್ನುವ ಶಿಕ್ಷಕರಿದ್ದಾರೆ. ನನಗಿದು ಒಪ್ಪಿಗೆಯಿಲ್ಲ. ಅರ್ಧ ಪಾಠ ಕಲಿತವನಿಗೆ ಸಿಗುವುದು ಅರ್ಧ ಸಂಬಳದ ಕೆಲಸವೇ. ಪಾಠ ಪೂರ್ತಿ ಆಗಲಿ. ಸಡಿಲ ಮಾಡಬೇಕಾದ್ದು ಹೊತ್ತು, ಹಾಜರಿ, ಭಾಷೆ.

ಶೇಕಡಾ ಲೆಕ್ಕವನ್ನೇ ನೋಡಿ. ನಾನು ಅದನ್ನು ಸಂಬಳದ ಚೀಟಿ ಇಟ್ಟುಕೊಂಡು ಕಲಿಸುತ್ತೇನೆ. ಸಂಬಳ 15,000 ಅಂತ ಇಟ್ಟುಕೊಳ್ಳೋಣ. ಪಿಎಫ್ (ಭವಿಷ್ಯ ನಿಧಿ) ಶೇ. 12, ಅಂದರೆ 1,800 ರೂಪಾಯಿ. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ. 0.75, ಅಂದರೆ 112.50, ಮುಂದಿನ ರೂಪಾಯಿಗೆ ಏರಿಸಿದರೆ 113. ದಶಮಾಂಶ ಅಂದರೆ ಹೆದರುತ್ತಿದ್ದವರು ಇಲ್ಲಿ ಪೈಸೆ ಪೈಸೆ ಲೆಕ್ಕ ಹಾಕುತ್ತಾರೆ. ಮಾಲೀಕರು ಇಎಸ್‌ಐಗೆ ಶೇ. 3.25 ಕಟ್ಟಬೇಕು ಎಂದ ದಿನ ಒಬ್ಬ ಹುಡುಗ ಎದ್ದು ನಿಂತ. ‘ಸರ್, ನಮ್ಮಲ್ಲಿ ದುಡ್ಡು ಹಿಡೀತಾರೆ, ಕಾರ್ಡ್ ಕೊಟ್ಟಿಲ್ಲ.’ ಪಿಎಫ್ ಅಂತ ಹಿಡಿದ ದುಡ್ಡಾದರೂ ಜಮೆಯಾಗಿದೆಯಾ ಅಂತ ಆ ಸಂಜೆ ಉಳಿದ ಹೊತ್ತೆಲ್ಲ ಫೋನಿನಲ್ಲಿ ಪಿಎಫ್ ಪಾಸ್‌ಬುಕ್ ತೆಗೆದು ನೋಡುವುದರಲ್ಲೇ ಹೋಯಿತು. ಗಣಿತವೂ ಆಯಿತು, ಹಕ್ಕೂ ಗೊತ್ತಾಯಿತು, ಅಲ್ವಾ?

ಭಾಷೆಯ ವಿಷಯದಲ್ಲಿ ನನ್ನದು ಒಂದೇ ಪಟ್ಟು. ಮೊದಲು ಪಕ್ಕದವರಿಗೆ ನಿಮ್ಮ ಮಾತಲ್ಲಿ ವಿವರಿಸಿ. ತುಳುವಾಗಲಿ, ಕನ್ನಡವಾಗಲಿ, ಮರಾಠಿಯಾಗಲಿ. ಆಮೇಲೆ ಪರೀಕ್ಷೆಯ ಭಾಷೆಯಲ್ಲಿ ಬರೆಯಿರಿ. ‘ತಿಳೀತ್ರಿ ಸರ್’ ಅಂದ ಮಾತ್ರಕ್ಕೆ ತಿಳಿದಿದೆ ಅಂತಲ್ಲ. ಹೋಟೆಲ್ ಪಾಳಿ ವಾರಕ್ಕೊಮ್ಮೆ ಬದಲಾಗುವುದರಿಂದ ಒಂದೇ ಪಾಠವನ್ನು ಎರಡು ಬೇರೆ ಹೊತ್ತಿನಲ್ಲಿ ಮಾಡುತ್ತೇನೆ. ಹಾಜರಿ ಯಾವುದರಲ್ಲಾದರೂ ಸಿಗುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಅಂಗವೈಕಲ್ಯ ಇದ್ದು ಬರೆಯಲು ತೊಂದರೆಯಿರುವವರಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಿಗಬೇಕು, ಬರೆದುಕೊಡುವವರ ನೆರವೂ ಇದೆ. ಆದರೆ ಪ್ರಮಾಣಪತ್ರಕ್ಕೆ ಆಸ್ಪತ್ರೆಗೆ ಓಡಾಡಬೇಕು. ದಿನಗೂಲಿಯವರಿಗೆ ಒಂದೊಂದು ಓಡಾಟವೂ ಒಂದು ದಿನದ ಕೂಲಿ. ಪರೀಕ್ಷೆಯ ತಿಂಗಳಲ್ಲಿ ಕೇಳಿದರೆ ತಡವಾಯಿತು. ಪ್ರವೇಶದ ದಿನವೇ, ಬೇರೆಯವರ ಎದುರಲ್ಲಲ್ಲ, ಪಕ್ಕಕ್ಕೆ ಕರೆದು ಕೇಳಿ.