ಹಸಿ ಹಿಟ್ಟು ನೆಕ್ಕಿ ಉಪ್ಪು ನೋಡಬೇಡಿ

ಮೂರು ವರ್ಷದ ಹುಡುಗ. ತೂಕ, ಎತ್ತರ ಎರಡೂ ಸರಿಯಾಗೇ ಇತ್ತು. ಅಮ್ಮನ ದೂರು ಬೇರೆ. ಊಟ ಸರಿಯಾಗಿ ಮಾಡಲ್ಲ, ಆದರೆ ಸಂಜೆ ಪೂರ್ತಿ ನೀರು ಕೇಳ್ತಾನೆ. (ಮಗು ಸದಾ ನೀರು ಕೇಳಿದರೆ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ರಕ್ತದ ಸಕ್ಕರೆ ನೋಡಿಸಿ. ಇವರು ಅದನ್ನು ಮುಗಿಸಿಕೊಂಡೇ ನನ್ನ ಹತ್ತಿರ ಬಂದಿದ್ದರು, ಏನೂ ತೊಂದರೆ ಇರಲಿಲ್ಲ.)

"ಸಂಜೆ ತಿನ್ನೋಕೆ ಏನು ಕೊಡ್ತೀರಿ?" ಅಂದೆ.

"ಮೇಡಂ, ಪ್ಯಾಕೆಟ್ ತಿಂಡಿ ಮನೆಯೊಳಗೇ ಬಿಡಲ್ಲ. ಎಲ್ಲ ನಾನೇ ಮಾಡೋದು" ಎಂದು ಚೀಲದಿಂದ ಒಂದು ಡಬ್ಬಿ ತೆಗೆದರು. ಚೀಸ್ ಕ್ರ್ಯಾಕರ್. ಪುಟ್ಟ ಪುಟ್ಟ ಚೌಕ, ಅಂಚು ಹೊಂಬಣ್ಣ, ನಡುವೆ ಫೋರ್ಕಿನಿಂದ ಚುಚ್ಚಿದ ನಾಲ್ಕು ತೂತು. ನೋಡೋಕೆ ನನ್ನದಕ್ಕಿಂತ ಚೆನ್ನಾಗಿದ್ದವು. ಒಂದು ಬಾಯಿಗೆ ಹಾಕಿಕೊಂಡೆ. ಇನ್ನೊಂದು ತಿನ್ನುವ ಮೊದಲು ಮೇಜಿನ ಮೇಲಿದ್ದ ನೀರಿನ ಬಾಟಲಿಗೆ ಕೈ ಹಾಕಿದೆ. ಹುಡುಗ ನನ್ನನ್ನೇ ನೋಡುತ್ತಿದ್ದ.

ಮನೆಯಲ್ಲಿ ಮಾಡಿದ್ದು ಅಂದ ತಕ್ಷಣ ಲೆಕ್ಕ ಬಿಟ್ಟುಬಿಡುತ್ತೇವೆ, ಅಲ್ವಾ? ಅಂಗಡಿಯ ಪೊಟ್ಟಣವಾದರೆ ಕನ್ನಡಕ ಹಾಕಿಕೊಂಡು ಹಿಂಬದಿ ಓದುತ್ತೇವೆ. ನಮ್ಮ ಡಬ್ಬಿಗೆ ಹಿಂಬದಿಯೇ ಇಲ್ಲ. ಅದಕ್ಕೇ ಇವತ್ತು ಇವರ ಡಬ್ಬಿಯ ಹಿಂಬದಿ ಬರೆಯೋಣ ಅಂದುಕೊಂಡಿದ್ದೇನೆ.

ಅವರ ಅಳತೆ ಹೀಗಿತ್ತು: 100 ಗ್ರಾಂ ಹಿಟ್ಟು, 100 ಗ್ರಾಂ ಚೆಡ್ಡಾರ್ ಚೀಸ್, 50 ಗ್ರಾಂ ಬೆಣ್ಣೆ, ಎರಡು ದೊಡ್ಡ ಚಮಚ ತಣ್ಣೀರು. ಇಷ್ಟರವರೆಗೆ ತಕರಾರಿಲ್ಲ. ನಾನೂ ಇದನ್ನೇ ಬರೆದುಕೊಡುತ್ತೇನೆ. ಇದರ ಜೊತೆ ಅರ್ಧ ಟೀ ಚಮಚ ಉಪ್ಪು, ಕಾಲು ಟೀ ಚಮಚ ಅಡುಗೆ ಸೋಡಾ. ಬೆಣ್ಣೆ ಉಪ್ಪು ಹಾಕಿದ್ದು.

ಚೆಡ್ಡಾರ್‌ನ 100 ಗ್ರಾಂನಲ್ಲಿ ಹೆಚ್ಚೂಕಡಿಮೆ 1.8 ಗ್ರಾಂ ಉಪ್ಪು ಮೊದಲೇ ಇದೆ. ಉಪ್ಪಿಲ್ಲದೆ ಚೆಡ್ಡಾರ್ ಚೆಡ್ಡಾರೇ ಆಗುವುದಿಲ್ಲ. ನೀರು ಹೊರಹಾಕೋಕೆ, ಕೆಡದಂತೆ ಇಡೋಕೆ ಅದು ಬೇಕು. ಅರ್ಧ ಚಮಚ ಉಪ್ಪು ಅಂದರೆ 3 ಗ್ರಾಂ. ಉಪ್ಪಿನ ಬೆಣ್ಣೆಯಿಂದ ಮುಕ್ಕಾಲು ಗ್ರಾಂ ಮೇಲೆ. ಅಡುಗೆ ಸೋಡಾ ಉಪ್ಪಲ್ಲ ನಿಜ, ಆದರೆ ಸೋಡಾದ ತೂಕದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಸೋಡಿಯಂ, ಉಪ್ಪಿನಲ್ಲಿ ನಾವು ಮಿತಿ ಇಡುವ ಅಂಶ ಅದೇ. ಕಾಲು ಚಮಚ ಸೋಡಾದ ಸೋಡಿಯಂ ಮುಕ್ಕಾಲು ಗ್ರಾಂ ಉಪ್ಪಿಗೆ ಸಮ. ಎಲ್ಲ ಕೂಡಿದರೆ 6 ಗ್ರಾಂ ದಾಟಿತು. ಅವರಿಗೆ ಅದರಲ್ಲಿ 60 ಕ್ರ್ಯಾಕರ್ ಆಗಿದ್ದವು. ಹುಡುಗ ಸಂಜೆಗೆ ಹತ್ತು ತಿನ್ನುತ್ತಾನೆ. ಅಂದರೆ 1 ಗ್ರಾಂ ಉಪ್ಪು ಹೊಟ್ಟೆಗೆ ಹೋಯಿತು.

ಒಂದು ಗ್ರಾಂ ತಾನೇ ಅನ್ನಬೇಡಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗೆ ಅದಕ್ಕಿಂತ ಕಡಿಮೆ. ಬ್ರಿಟನ್ನಿನ ಆರೋಗ್ಯ ಸೇವೆ ವಯಸ್ಸಿನ ಪ್ರಕಾರ ಮಿತಿ ಹಾಕಿದೆ: 1ರಿಂದ 3 ವರ್ಷಕ್ಕೆ 2 ಗ್ರಾಂ, 4ರಿಂದ 6ಕ್ಕೆ 3 ಗ್ರಾಂ, 7ರಿಂದ 10ಕ್ಕೆ 5 ಗ್ರಾಂ. ನಾನು ಬಳಸೋದು ಇದೇ ಪಟ್ಟಿ, ನೆನಪಿಡೋಕೆ ಸುಲಭ. ಹಾಗಾದರೆ ಆ ಹುಡುಗ ದಿನದ ಅರ್ಧ ಉಪ್ಪನ್ನು ಬರೀ ಸಂಜೆಯ ಕುರುಕಲಿನಲ್ಲೇ ಮುಗಿಸುತ್ತಿದ್ದ. ಊಟದ ಉಪ್ಪು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

"ಆದರೆ ಮೇಡಂ, ನಾನು ರುಚಿ ನೋಡಿಯೇ ಹಾಕಿದ್ದು. ಸಪ್ಪೆ ಇತ್ತು" ಅಂದರು.

ಇದೇ, ಇದೇ. ವರ್ಷಗಳಿಂದ ನಾನು ಹೇಳುತ್ತಾ ಬಂದಿರುವುದು ಈ ಒಂದೇ ಮಾತು. ಹಸಿ ಹಿಟ್ಟಿನ ರುಚಿ ಸುಳ್ಳು. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ, ದಯವಿಟ್ಟು ಈ ಭಾಗ ಹಾರಿಸಬೇಡಿ.

ಮೇಲಿನ ಅಳತೆಯಲ್ಲಿ ಕಲಸಿದ ಹಿಟ್ಟು ತೂಗಿದರೆ 280 ಗ್ರಾಂ ಬರುತ್ತದೆ. ಅದರಲ್ಲಿ ನೀವು ಹಾಕಿದ ನೀರಿದೆ, ಚೀಸ್‌ನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೀರೇ, ಬೆಣ್ಣೆಯಲ್ಲೂ ಸ್ವಲ್ಪ ಇದೆ. ಓವನ್‌ನಲ್ಲಿ ಆ ನೀರು ಬಹುಪಾಲು ಆವಿಯಾಗುತ್ತದೆ. ಚೆನ್ನಾಗಿ ಗರಿಯಾದ ಮೇಲೆ ತೂಗಿ ನೋಡಿ, 210 ಗ್ರಾಂ ಆಸುಪಾಸು ಇರುತ್ತದೆ. 70 ಗ್ರಾಂ ಗಾಳಿಗೆ ಹೋಯಿತು. ಉಪ್ಪು? ಅದು ಎಲ್ಲೂ ಹೋಗಲಿಲ್ಲ. ಒಂದು ಕಣವೂ ಹೋಗಲಿಲ್ಲ. ಅಷ್ಟೇ ಉಪ್ಪು ಈಗ ಮುಕ್ಕಾಲು ಪಾಲು ತೂಕದೊಳಗೆ ಒತ್ತಿಕೊಂಡು ಕೂತಿದೆ. ಹಿಟ್ಟಿನಲ್ಲಿದ್ದದ್ದಕ್ಕಿಂತ ಮೂರನೇ ಒಂದು ಪಾಲು ಜಾಸ್ತಿ ಖಡಕ್ಕು.

ಇನ್ನೊಂದು ಕಾರಣ ನಿಮ್ಮ ನಾಲಗೆ. ಹಸಿ ಹಿಟ್ಟಿನಲ್ಲಿ ಬೆಣ್ಣೆ, ಚೀಸ್ ಎರಡೂ ತಣ್ಣಗೆ ಗಟ್ಟಿಯಾಗಿರುತ್ತವೆ. ಅದರ ಉಪ್ಪು ಕೊಬ್ಬಿನೊಳಗೆ ಅವಿತಿರುತ್ತದೆ, ನಾಲಗೆಗೆ ಬೇಗ ಸಿಗುವುದಿಲ್ಲ. ಬೆಂದ ಮೇಲೆ ಚೀಸ್ ಅಂಚಿನಲ್ಲಿ ಕಂದು ತಿರುಗುತ್ತದಲ್ಲ, ಆಗಲೇ ಅದರ ನಿಜವಾದ ರುಚಿ ಹುಟ್ಟುವುದು. ಹುಟ್ಟುವ ಮೊದಲೇ ಮಾರ್ಕು ಕೊಟ್ಟರೆ ಹೇಗೆ?

ಹಾಗಾಗಿ ಉಪ್ಪನ್ನು ಕಡಿಮೆ ಮಾಡಿ ಅಂತಲ್ಲ ನಾನು ಹೇಳುತ್ತಿರುವುದು. ಕಲಸುವಾಗ ಹಾಕಲೇಬೇಡಿ. ಸೊನ್ನೆ. ಕಡಿಮೆ ಹಾಕಿ ಅಂದರೆ ಒಬ್ಬೊಬ್ಬರ ಚಿಟಿಕೆ ಒಂದೊಂದು ಗಾತ್ರ. ಒಬ್ಬರು ತಾತ ಮೊಮ್ಮಗಳಿಗೆ ಮಾಡುತ್ತಿದ್ದರು. ಚಿಟಿಕೆ ತೋರಿಸಿ ಅಂದರೆ ಐದು ಬೆರಳೂ ಕೂಡಿಸಿ ತೋರಿಸಿದರು. "ಇದು ಹಿಡಿ, ತಾತ" ಅಂದೆ. "ನಿನ್ನ ಕೈ ಚಿಕ್ಕದಮ್ಮಾ" ಅಂದರು.

ಉಪ್ಪಿಲ್ಲದ ಬೆಣ್ಣೆ ತನ್ನಿ. ಸೋಡಾ ಬಿಡಿ. ಗರಿ ಬರೋಕೆ ಸೋಡಾ ಬೇಕು ಎಂಬ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ, ಶುರುವಿನಲ್ಲಿ ನಾನೂ ನಂಬಿದ್ದೆ. ಗರಿ ಬರುವುದು ತೆಳುವಾಗಿ ಲಟ್ಟಿಸಿ ಪೂರ್ತಿ ಒಣಗಿಸಿದರೆ. ಮೂರು ಮಿಲಿಮೀಟರ್ ದಪ್ಪ ಸಾಕು. ಎರಡು ಬೇಕಿಂಗ್ ಕಾಗದದ ನಡುವೆ ಇಟ್ಟು ಲಟ್ಟಿಸಿ, ಹಿಟ್ಟು ಉದುರಿಸುವ ಕೆಲಸವೂ ತಪ್ಪುತ್ತದೆ. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 12ರಿಂದ 15 ನಿಮಿಷ. ಅಂಚು ಹೊಂಬಣ್ಣಕ್ಕೆ ಬಂದ ಕೂಡಲೇ ಓವನ್ ಆರಿಸಿ, ಬಾಗಿಲು ಸ್ವಲ್ಪ ತೆರೆದು, ಅಲ್ಲೇ ಹತ್ತು ನಿಮಿಷ ಬಿಡಿ. ಚೀಸ್ ಬೇಗ ಬಣ್ಣ ತಿರುಗುತ್ತದೆ, ಒಳಗಿನ ತೇವ ಬೇಗ ಹೋಗುವುದಿಲ್ಲ. ಇನ್ನೂ ಮೆತ್ತಗಿದೆ ಅಂತ ಉರಿ ಜಾಸ್ತಿ ಮಾಡಿದರೆ ಕಹಿಯಾಗುತ್ತದೆ, ಅಷ್ಟೇ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿ ಇರುವಾಗ ಮುಚ್ಚಳ ಹಾಕಿದವರು ನನಗೆ ಫೋನ್ ಮಾಡಬೇಡಿ.

ಹೀಗೆ ಮಾಡಿದರೆ 60 ಕ್ರ್ಯಾಕರ್‌ಗೆ ಬರೀ ಚೀಸ್‌ನ 1.8 ಗ್ರಾಂ ಉಪ್ಪು. ಹತ್ತಕ್ಕೆ 0.3 ಗ್ರಾಂ. ಜೊತೆಗೆ 100 ಮಿಲಿ ಹಾಲಿನಷ್ಟು ಕ್ಯಾಲ್ಸಿಯಂ. ಶಕ್ತಿ 190 ಕ್ಯಾಲೊರಿ ಹತ್ತಿರ, ಅಂದರೆ ಹಗುರ ತಿಂಡಿ ಏನಲ್ಲ. ತಟ್ಟೆಗೆ ಎಣಿಸಿ ಹಾಕಿಕೊಡಿ. ಡಬ್ಬಿಯನ್ನೇ ಕೈಗೆ ಕೊಟ್ಟರೆ ರಾತ್ರಿ ಊಟ ಯಾಕೆ ಮಾಡಲಿಲ್ಲ ಅಂತ ನನ್ನನ್ನು ಕೇಳಬಾರದು.

ಸಪ್ಪೆ ಅನಿಸಿದರೆ ಉಪ್ಪಿನ ಬದಲು ಚೀಸ್‌ನ್ನೇ ಬದಲಿಸಿ. ಹೆಚ್ಚು ತಿಂಗಳು ಮಾಗಿದ ಚೆಡ್ಡಾರ್‌ಗೆ ರುಚಿ ಜೋರು, ಅಷ್ಟೇ ಗ್ರಾಂನಲ್ಲಿ ಕೆಲಸ ಆಗುತ್ತದೆ. ಅರ್ಧ ಟೀ ಚಮಚ ಸಾಸಿವೆ ಪುಡಿ ಹಾಕಿ ನೋಡಿ, ಚೀಸ್‌ನ ರುಚಿ ಎದ್ದು ನಿಲ್ಲುತ್ತದೆ. ಕೆಲವು ಮಕ್ಕಳಿಗೆ ಸಾಸಿವೆ ಅಲರ್ಜಿ ಇರುತ್ತದೆ, ಮೊದಲ ಸಲ ಸ್ವಲ್ಪವೇ ಹಾಕಿ. ಕರಿಮೆಣಸೂ ಆದೀತು.

ಪ್ರೊಸೆಸ್ಡ್ ಚೀಸ್ ಬಳಸುವವರಿಗೆ ಒಂದು ಮಾತು. ಅದು ನುಣ್ಣಗೆ ಕರಗಲಿ ಅಂತ ಸೋಡಿಯಂ ಇರುವ ಲವಣಗಳನ್ನು ಹಾಕಿರುತ್ತಾರೆ. ಹೀಗಾಗಿ ಸಾಮಾನ್ಯವಾಗಿ ಚೆಡ್ಡಾರ್‌ಗಿಂತ ಜಾಸ್ತಿಯೇ ಸೋಡಿಯಂ ಇರುತ್ತದೆ. ಪೊಟ್ಟಣದ ಮೇಲಿನ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಕೊಬ್ಬು ಕಡಿಮೆ ಇರುವ ಚೀಸ್ ಹಾಕಿದರೆ ಆರೋಗ್ಯ ಅಂತಲೂ ಕೇಳುತ್ತಾರೆ. ಕ್ರ್ಯಾಕರ್ ಚರ್ಮದ ಹಾಗೆ ಆಗುತ್ತದೆ, ಮಗು ಉಗಿಯುತ್ತದೆ. ಎರಡು ವರ್ಷದ ಒಳಗಿನವರಿಗಂತೂ ಕೊಬ್ಬು ಕಡಿತ ಬೇಡವೇ ಬೇಡ. ಪೂರ್ತಿ ಗೋಧಿ ಹಿಟ್ಟಿನಲ್ಲಿ ಮಾಡುವ ಆಸೆ ಇದ್ದರೆ ತವುಡು ನೀರು ಹೀರಲಿ ಅಂತ ಅರ್ಧ ಗಂಟೆ ನೆನೆಯಲು ಬಿಡಿ. ನಾನು ಅರ್ಧ ಮೈದಾ ಅರ್ಧ ಗೋಧಿ ಮಾಡುತ್ತೇನೆ. ಮಗಳು ಪೂರ್ತಿ ಗೋಧಿಯದನ್ನು ತಿನ್ನಲಿಲ್ಲ, ನಾನು ವಾದ ಮಾಡಲಿಲ್ಲ.

ವರ್ಷ ತುಂಬದ ಕೂಸಿಗೆ ಇದು ಬೇಡ. ಅವರ ಮೂತ್ರಪಿಂಡಕ್ಕೆ ಜಾಸ್ತಿ ಉಪ್ಪು ನಿಭಾಯಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಗರಿ ಚೂರು ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಬೇರೆ. ಚಿಕ್ಕ ಮಕ್ಕಳು ಕೂತೇ ತಿನ್ನಲಿ, ಓಡುತ್ತಾ ಅಲ್ಲ. ಹಾಲು, ಗೋಧಿ ಆಗದ ಮಕ್ಕಳ, ಮೂತ್ರಪಿಂಡದ ತೊಂದರೆ ಇರುವ ಮಕ್ಕಳ ವಿಷಯದಲ್ಲಿ ನನ್ನ ಅಂಕಣ ನಂಬಬೇಡಿ. ನಿಮ್ಮ ವೈದ್ಯರನ್ನೇ ಕೇಳಿ.

ಆ ಅಮ್ಮ ಒಂದೂವರೆ ತಿಂಗಳು ಬಿಟ್ಟು ಮತ್ತೆ ಬಂದರು. ಮೊದಲ ವಾರ ಹುಡುಗ ಒಂದೊಂದು ಕಚ್ಚಿ ತಟ್ಟೆಯಲ್ಲೇ ವಾಪಸ್ ಇಡುತ್ತಿದ್ದನಂತೆ. ಮೂರನೇ ವಾರಕ್ಕೆ ಸುಮ್ನೆ ತಿನ್ನತೊಡಗಿದ. ನಾಲಗೆ ಕೆಲವು ವಾರದಲ್ಲಿ ಒಗ್ಗಿಕೊಳ್ಳುತ್ತದೆ. ನೀರು ಕೇಳುವುದು ಕಡಿಮೆಯಾಗಿದೆ ಅಂದರು. ಅದು ಉಪ್ಪಿನಿಂದಲೇ ಅಂತ ನಾನು ಆಣೆ ಮಾಡಿ ಹೇಳಲಾರೆ, ಆ ಹೊತ್ತಿಗೆ ಸೆಕೆಯೂ ಇಳಿದಿತ್ತು.

"ಮನೆಯಲ್ಲಿ ಎಲ್ಲರೂ ಒಪ್ಪಿದ್ರಾ?" ಅಂದೆ.

"ಅತ್ತೆ ಒಪ್ಪಿಲ್ಲ ಮೇಡಂ. ತಮ್ಮ ಪಾಲಿಗೆ ಮೇಲಿಂದ ಉಪ್ಪು ಉದುರಿಸ್ಕೋತಾರೆ."

ಅಜ್ಜಿಯರ ಊಟ ನನ್ನ ವಿಭಾಗ ಅಲ್ಲ. ಆದರೂ ಅವರ ಬಿಪಿ ಎಷ್ಟಿದೆ ಅಂತ ಕೇಳಿಬಿಟ್ಟೆ.