ಹೊಳೆಗೆ ಮಹಶೀರ್ ಮರಿ ಬಿಡುವ ಮುಂಚೆ

ಮಳೆ ಸ್ವಲ್ಪ ಹಿಡಿದರೆ ಸಾಕು, ನನಗೆ ಬರುವ ಫೋನುಗಳಲ್ಲಿ ಒಂದು ಬೇಡಿಕೆ ಖಾಯಂ. "ಸಾರ್, ಮಹಶೀರ್ ಮರಿ ಎಲ್ಲಿ ಸಿಗುತ್ತೆ? ನಮ್ಮ ಸಂಘದಿಂದ ಕಾವೇರಿಗೆ ಬಿಡೋಣ ಅಂತಿದ್ದೀವಿ." ಕೇಳುವವರೆಲ್ಲ ಒಳ್ಳೆಯ ಮನಸ್ಸಿನವರೇ. ಎಷ್ಟೋ ಮಂದಿ ದುಡ್ಡನ್ನೂ ಎತ್ತಿಟ್ಟಿರುತ್ತಾರೆ. ಮೀನುಗಾರಿಕೆ ಓದಿ, ಕೊಡಗಿನ ಕೆರೆ, ಹೊಳೆಗಳ ಸುತ್ತಲೇ ಕೆಲಸ ಮಾಡುವ ನಾನು ಅವರಿಗೆ ಹೇಳುವುದು ಇಷ್ಟೇ: ದಯವಿಟ್ಟು ಬಿಡಬೇಡಿ. ಯಾಕೆ ಅನ್ನುವುದು ಫೋನಿನಲ್ಲಿ ಮುಗಿಯುವ ಮಾತಲ್ಲ.

ಮಹಶೀರ್ ಅಂದರೆ ಒಂದೇ ಮೀನಲ್ಲ. ಕಾವೇರಿಯ ವಿಷಯಕ್ಕೆ ಬಂದರೆ ಮುಖ್ಯವಾಗಿ ಎರಡನ್ನು ಗುರುತಿಟ್ಟುಕೊಳ್ಳಬೇಕು. ಒಂದು ಡುಬ್ಬದ ಮಹಶೀರ್. ಮೈ ಹೊನ್ನಿನ ಬಣ್ಣ, ಈಜುರೆಕ್ಕೆಗಳು ಕಿತ್ತಳೆ ಬಣ್ಣ, ಬೆಳೆದ ಮೀನಿಗೆ ತಲೆಯ ಹಿಂದೆ ಎದ್ದು ಕಾಣುವ ಡುಬ್ಬ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇದರ ನೆಲೆ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮೀನು 54 ಕಿಲೋ ತೂಗಿತ್ತು. ಇನ್ನೊಂದು ನೀಲಿ ರೆಕ್ಕೆಯ ಮಹಶೀರ್. ಇದರ ತವರು ಉತ್ತರದ ದಖ್ಖನ್ ಹೊಳೆಗಳು. 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಇದನ್ನು ಮೊದಲು ವಿವರಿಸಿದ್ದು ಪುಣೆ ಬಳಿಯ ಮುಳಾ-ಮುಠಾ ನದಿಯ ಮೀನು ನೋಡಿ.

ಹಾಗಿದ್ದರೆ ಪುಣೆ ಕಡೆಯ ಮೀನು ಕಾವೇರಿಗೆ ಬಂದಿದ್ದು ಹೇಗೆ? ನಾವೇ ತಂದು ಬಿಟ್ಟಿದ್ದು. ಅಣೆಕಟ್ಟು, ಮೀನು ಹಿಡಿಯಲು ಸಿಡಿಸುವ ತೋಟೆ, ವಿಷ ಎಲ್ಲ ಸೇರಿ ದೇಶದ ಉದ್ದಗಲಕ್ಕೂ ಮಹಶೀರ್ ಕಡಿಮೆಯಾಗುತ್ತಿದ್ದ ಕಾಲ. 1970ರ ದಶಕದಲ್ಲಿ ಲೋಣಾವಳದ ಟಾಟಾ ಮೀನುಮರಿ ಕೇಂದ್ರದಲ್ಲಿ ಈ ನೀಲಿ ರೆಕ್ಕೆಯದನ್ನು ಕೃತಕವಾಗಿ ಮರಿ ಮಾಡಿಸುವ ವಿದ್ಯೆ ಕೈಗೆ ಹತ್ತಿತು. ಅದು ನಿಜಕ್ಕೂ ದೊಡ್ಡ ಕೆಲಸವೇ. ಆಮೇಲೆ ಅಲ್ಲಿಯ ಮರಿಗಳು ಬೇರೆ ಬೇರೆ ರಾಜ್ಯಗಳ ಹೊಳೆ, ಜಲಾಶಯಗಳಿಗೆ ಹೋದವು. ಕಾವೇರಿಗೂ ಬಂದವು. ಮಹಶೀರ್ ಕಡಿಮೆ ಇದೆ, ಮಹಶೀರ್ ಬಿಡುತ್ತಿದ್ದೇವೆ, ಇದರಲ್ಲಿ ತಪ್ಪೇನು ಅಂತ ಆಗ ಯಾರಿಗೂ ಅನ್ನಿಸಲಿಲ್ಲ.

ಆಮೇಲೆ ಆಗಿದ್ದು ಗೊತ್ತಾಗಿದ್ದು ಗಾಳ ಹಾಕುವವರ ಲೆಕ್ಕದ ಪುಸ್ತಕದಿಂದ. ಕಾವೇರಿಯ ಕೆಳಹರಿವಿನಲ್ಲಿ, ಗಾಳಿಬೋರೆಯ ಕ್ಯಾಂಪಿನಲ್ಲಿ ಮೀನು ಹಿಡಿದು, ತೂಕ ನೋಡಿ, ವಾಪಸ್ ನೀರಿಗೆ ಬಿಡುವ ಪದ್ಧತಿ ಇತ್ತು. ಹಿಡಿದ ಪ್ರತಿ ಮೀನನ್ನೂ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ಸಂಶೋಧಕರು ಕೂತು ನೋಡಿದರು. ಒಟ್ಟು ಮಹಶೀರ್ ಸಂಖ್ಯೆ ಏರುತ್ತಲೇ ಹೋಗಿತ್ತು. ಓಹೋ, ಹೊಳೆ ಚೆನ್ನಾಗಿದೆ ಅನ್ನಬೇಕು, ಅಲ್ವಾ? ಬಗೆ ಪ್ರಕಾರ ಬೇರ್ಪಡಿಸಿದಾಗ ನಿಜ ಕಂಡಿತು. ಏರಿದ್ದು ನೀಲಿ ರೆಕ್ಕೆ. ಡುಬ್ಬದ ಮೀನು ಇಳಿಯುತ್ತಾ ಬಂದಿತ್ತು. ಗಾಳದವರನ್ನು ಬೈಯುವುದು ಸುಲಭ, ಆದರೆ ಅವರು ಬರೆದಿಡದೇ ಹೋಗಿದ್ದರೆ ಈ ವಿಷಯ ಹೊರಗೇ ಬರುತ್ತಿರಲಿಲ್ಲ.

ಇನ್ನೂ ವಿಚಿತ್ರ ಇದೆ. ಇಷ್ಟು ಹೆಸರುವಾಸಿಯಾದ ಈ ಡುಬ್ಬದ ಮೀನಿಗೆ 2018ರವರೆಗೆ ಸರಿಯಾದ ವೈಜ್ಞಾನಿಕ ಗುರುತೇ ಇರಲಿಲ್ಲ. 2011ರಲ್ಲಿ ಕೇರಳದ ಪಾಂಬಾರ್ ಹೊಳೆಯ ಸಣ್ಣ ಮೀನುಗಳನ್ನು ನೋಡಿ 'ಟಾರ್ ರೆಮಾದೇವಿ' ಎಂಬ ಹೊಸ ಬಗೆಯನ್ನು ದಾಖಲಿಸಿದ್ದರು. ಪಾಂಬಾರ್ ನೀರು ಅಮರಾವತಿ ಮೂಲಕ ಕಾವೇರಿಗೇ ಸೇರುತ್ತದೆ. ಸಣ್ಣ ಮೀನಿಗೆ ಡುಬ್ಬ ಎದ್ದಿರುವುದಿಲ್ಲ. ಹಾಗಾಗಿ ಇದೂ ಕಾವೇರಿಯ ಆ ದೈತ್ಯ ಮೀನೂ ಒಂದೇ ಅಂತ ಹೊಳೆಯಲಿಲ್ಲ. ಕಾವೇರಿ ಕೊಳ್ಳದ್ದೇ ಆದ ಮೊಯಾರ್ ಹೊಳೆಯಲ್ಲಿ ಸಿಕ್ಕ ಡುಬ್ಬದ ಮೀನುಗಳ ಡಿಎನ್ಎ ತಾಳೆ ನೋಡಿದ ಮೇಲೆ 2018ರಲ್ಲಿ ಎರಡೂ ಒಂದೇ ಎಂದು ಖಚಿತವಾಯಿತು. ಅದೇ ವರ್ಷ ಅದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಗೆ ಸೇರಿತು, ಅಳಿವಿಗೆ ತೀರಾ ಹತ್ತಿರ ಇರುವ ಜೀವಿಗಳ ಸಾಲಿಗೆ. ಅದುವರೆಗೆ ಪಟ್ಟಿಯಲ್ಲಿ ಅಪಾಯದಲ್ಲಿದೆ ಅನ್ನಿಸಿಕೊಂಡಿದ್ದದ್ದು ನೀಲಿ ರೆಕ್ಕೆ. ಕಾಳಜಿ, ದುಡ್ಡು, ಮರಿ ಬಿತ್ತನೆ ಎಲ್ಲ ಅದರ ಪಾಲಿಗೆ ಹೋಗಿತ್ತು. ಈಗ ಅದಕ್ಕೆ ಅಂಥ ಅಪಾಯವಿಲ್ಲ ಎಂದು ಪಟ್ಟಿಯೇ ಹೇಳುತ್ತದೆ.

ಇದು ನಮ್ಮಲ್ಲಿ ಮಾತ್ರ ಆದ ಎಡವಟ್ಟಲ್ಲ. ಅಮೆರಿಕದ ಕೊಲರಾಡೊದಲ್ಲಿ ಗ್ರೀನ್‌ಬ್ಯಾಕ್ ಎಂಬ ಟ್ರೌಟ್ ಮೀನು ಅಳಿದೇ ಹೋಯಿತು ಅಂದುಕೊಂಡಿದ್ದರು. 1950ರ ದಶಕದಲ್ಲಿ ಸಿಕ್ಕಿತು ಅಂತ ಖುಷಿಪಟ್ಟು, ಅದರ ಮರಿಗಳನ್ನು ದಶಕಗಟ್ಟಲೆ ಹೊಳೆಹೊಳೆಗೆ ಬಿಟ್ಟರು. 2012ರ ಡಿಎನ್ಎ ಅಧ್ಯಯನ ನೋಡಿದರೆ, ಬಿಟ್ಟಿದ್ದರಲ್ಲಿ ಬಹುಪಾಲು ಬೇರೆಯದೇ ಟ್ರೌಟ್! ಅಸಲಿ ಗ್ರೀನ್‌ಬ್ಯಾಕ್ ಉಳಿದಿದ್ದು ಬೇರ್ ಕ್ರೀಕ್ ಎಂಬ ಒಂದೇ ಒಂದು ತೊರೆಯಲ್ಲಿ. ಚೀನಾದ ದೈತ್ಯ ಸಲಮಾಂಡರ್ ಕಥೆಯೂ ಹೆಚ್ಚುಕಡಿಮೆ ಹೀಗೇ. ಒಂದೇ ಪ್ರಾಣಿ ಅಂದುಕೊಂಡು ಸಾಕಣೆ ಕೇಂದ್ರಗಳಿಂದ ತಂದು ಎಲ್ಲೆಂದರಲ್ಲಿ ಬಿಟ್ಟರು. ಅವು ಒಂದಲ್ಲ, ಹಲವು ಬಗೆ ಎಂದು 2018ರಲ್ಲಿ ಗೊತ್ತಾಯಿತು. ಅಷ್ಟು ಹೊತ್ತಿಗೆ ಕಲಬೆರಕೆ ಶುರುವಾಗಿತ್ತು.

ಸಂಘದವರು ತಕ್ಷಣ ಕೇಳುತ್ತಾರೆ: "ಹಾಗಾದ್ರೆ ಡುಬ್ಬದ್ದೇ ಮರಿ ತರ್ಸಿ ಬಿಡೋಣ ಸಾರ್." ಮಾರುಕಟ್ಟೆಯಲ್ಲಿ ಮಹಶೀರ್ ಮರಿ ಅಂತ ಸಿಗುವುದು ಅದಲ್ಲ. ಬೆರಳುದ್ದದ ಮರಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತೋರಿಸಿ ಇದು ಯಾವುದು ಹೇಳಿ ಅಂದರೆ, ರೆಕ್ಕೆಯ ಚೂರು ತೆಗೆದು ಡಿಎನ್ಎ ನೋಡದೆ ನಾನೂ ಹೇಳುವುದಿಲ್ಲ. ಬಿಟ್ಟ ಮೀನು ಸುಮ್ನೆ ಪಕ್ಕದಲ್ಲಿ ಇದ್ದುಬಿಡುವುದೂ ಇಲ್ಲ. ಇರುವ ಅಲ್ಪಸ್ವಲ್ಪ ಜಾಗಕ್ಕೆ, ಮೇವಿಗೆ ಪೈಪೋಟಿ. ಜೊತೆಗೆ ತಳಿ ಬೆರೆಯುವ ಭಯ.

ನನ್ನ ಲೆಕ್ಕದಲ್ಲಿ ಕೊಡಗಿನಲ್ಲಿ ಮೀನಿಗೆ ಕೆಟ್ಟ ಕಾಲ ಮಳೆಗಾಲವಲ್ಲ. ಜನವರಿಯಿಂದ ಏಪ್ರಿಲ್. ಮಳೆಯಲ್ಲಿ ಮಹಶೀರ್ ಮೇಲಕ್ಕೆ ಹತ್ತಿ, ಜಲ್ಲಿ ಇರುವ ಹರಿಯುವ ನೀರಲ್ಲಿ ಮೊಟ್ಟೆ ಇಡುತ್ತದೆ. ಬೇಸಿಗೆಯಲ್ಲಿ ಹರಿವು ಸೊರಗಿದಾಗ ಮಡುಗಳೇ ಅದಕ್ಕೆ ಗತಿ. ಅದೇ ಹೊತ್ತಿಗೆ ಅರೇಬಿಕಾ ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರು, ಅಂದರೆ ಪಲ್ಪಿಂಗ್ ನೀರು, ತೋಡಿಗೆ ಬರುತ್ತದೆ. ಅದರಲ್ಲಿ ಇರುವುದು ಹಣ್ಣಿನ ಸಿಹಿ, ವಿಷ ಅಲ್ಲವಲ್ಲ ಅಂತ ಹಲವರ ವಾದ. ಆ ಸಿಹಿಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ಮುಗಿಸಿಬಿಡುತ್ತವೆ. ಆಮೇಲೆ ಮಡುವಿನ ಮೀನಿಗೆ ಉಸಿರಿಲ್ಲ. ಫೆಬ್ರವರಿ, ಮಾರ್ಚ್ ಬಂದರೆ ರೋಬಸ್ಟಾ ಕಾಫಿಯ ಹೂ ಅರಳಿಸಲು ಸ್ಪ್ರಿಂಕ್ಲರ್. ಹೊಳೆ ತೀರಾ ಸಣ್ಣದಾಗಿರುವ ವಾರಗಳಲ್ಲೇ ಪಂಪುಗಳು ಜಾಸ್ತಿ ಓಡುತ್ತವೆ. ಹೂವಿಗೆ ನೀರು ಬೇಡ ಅಂತ ನಾನು ಹೇಳುವುದಿಲ್ಲ, ಬೆಳೆಗಾರರ ಬದುಕು ಅದರ ಮೇಲಿದೆ. ಮಳೆಗಾಲದಲ್ಲಿ ತುಂಬಿಸಿಟ್ಟ ಸ್ವಂತ ಕೆರೆಯಿಂದ ನೀರು ಎತ್ತಿಕೊಳ್ಳಿ, ಮಡುವಿನಲ್ಲಿ ಪೈಪು ಇಳಿಸಬೇಡಿ ಅಂತಷ್ಟೇ ಕೇಳುತ್ತೇನೆ.

ತೋಟದ ಕೆರೆಗಳದ್ದು ಇನ್ನೊಂದು ತಲೆನೋವು. ಆಫ್ರಿಕನ್ ಕ್ಯಾಟ್‌ಫಿಶ್, ತಿಲಾಪಿಯಾ ಸಾಕಿದ ಕೆರೆಯ ಏರಿ ದೊಡ್ಡ ಮಳೆಗೆ ಒಡೆದರೆ ಅವೆಲ್ಲ ನೇರ ಹೊಳೆಗೆ. ಕೋಡಿಗೆ ಒಂದು ಗಟ್ಟಿ ಜಾಲರಿ ಹಾಕಿ, ಮೊದಲ ಮಳೆಗೆ ಮುಂಚೆ ಏರಿ ನೋಡಿಕೊಳ್ಳಿ. ಕ್ಯಾಟ್‌ಫಿಶ್ ಅಂತೂ ಕಾನೂನಿನ ಪ್ರಕಾರವೇ ಸಾಕುವಂತಿಲ್ಲ.

ಮರಿಗೆ ಅಂತ ಎತ್ತಿಟ್ಟ ದುಡ್ಡು ಇದ್ದರೆ, ಪಲ್ಪಿಂಗ್ ನೀರು ನಿಲ್ಲಿಸುವ ಹೊಂಡ ತೋಡಲು ಪಕ್ಕದ ಸಣ್ಣ ಬೆಳೆಗಾರರಿಗೆ ಕೊಡಿ. ಊರಿನ ಮಡುವಿನಲ್ಲಿ ತೋಟೆ ಹಾಕುವವರ ಮೇಲೆ ಕಣ್ಣಿಡಿ. ಗಾಳಕ್ಕೆ ಕಿತ್ತಳೆ ರೆಕ್ಕೆಯ ಮಹಶೀರ್ ಬಿದ್ದರೆ ನೀರಿನಿಂದ ಪೂರ್ತಿ ಮೇಲೆತ್ತಬೇಡಿ. ಪಕ್ಕದಿಂದ ಒಂದು ಫೋಟೋ, ಬಾಯಿ ಹತ್ತಿರದಿಂದ ಇನ್ನೊಂದು, ಕೂಡಲೇ ವಾಪಸ್ ಬಿಡಿ. ಫೋಟೋವನ್ನು ಮೀನುಗಾರಿಕೆ ಇಲಾಖೆಗೋ ಹತ್ತಿರದ ಮೀನುಗಾರಿಕೆ ಕಾಲೇಜಿಗೋ ಕಳಿಸಿ. ಜಾಗ ಎಲ್ಲಿ ಅಂತ ಅವರಿಗೆ ಮಾತ್ರ ತಿಳಿಸಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ.