ಒಳ್ಳೆಯ ಫಿಫ್ತ್ ವೀಲ್ ಮಾಡುವವರು ಯಾರಾದರೂ ಉಳಿದಿದ್ದಾರಾ?

ಪ್ರಶ್ನೆ: ಇನ್ನೆರಡು ವರ್ಷಕ್ಕೆ ನಾವಿಬ್ಬರೂ ನಿವೃತ್ತರಾಗುತ್ತೇವೆ. ಮನೆ ಮಾರಿ, ಫಿಫ್ತ್ ವೀಲ್ (ಪಿಕಪ್ ಟ್ರಕ್ಕಿನ ಬೆನ್ನಿಗೆ ಸಿಕ್ಕಿಸಿ ಎಳೆಯುವ, ಒಳಗೇ ವಾಸಿಸುವಂಥ ದೊಡ್ಡ ಟ್ರೇಲರ್) ಕೊಂಡು ಅಮೆರಿಕ ಸುತ್ತುವ ಆಸೆ. ಆದರೆ ಹಳಬರೆಲ್ಲ "ದೊಡ್ಡ ಕಂಪನಿಗಳು ಒಳ್ಳೆಯವರನ್ನೆಲ್ಲ ಕೊಂಡು ಮುಗಿಸಿದವು, ಈಗ ಬರೋದೆಲ್ಲ ಡಬ್ಬಾ" ಅಂತಾರೆ. ಹಾಗಾದರೆ ಯಾರದ್ದು ತೆಗೆದುಕೊಳ್ಳಬೇಕು?

ಈ ಪ್ರಶ್ನೆ ಬರದ ತಿಂಗಳಿಲ್ಲ. ಒಮ್ಮೆ ಡಲ್ಲಾಸಿನಿಂದ, ಒಮ್ಮೆ ಫ್ರೀಮಾಂಟಿನಿಂದ. ಊರು ಬೇರೆ, ಪ್ರಶ್ನೆ ಅದೇ, ಅದರ ಹೊಟ್ಟೆಯೊಳಗಿನ ತಪ್ಪು ತಿಳಿವಳಿಕೆಯೂ ಅದೇ. ಚುಟುಕಾಗಿ ಉತ್ತರ ಬೇಕಿದ್ದವರಿಗೆ: ಉಳಿದಿದ್ದಾರೆ, ಕಡಿಮೆ ಜನ. ಹೊಚ್ಚ ಹೊಸದಕ್ಕಿಂತ ಮೂರ್ನಾಲ್ಕು ವರ್ಷ ಓಡಿದ್ದು ವಾಸಿ. ಬ್ರ್ಯಾಂಡ್ ಹೆಸರು ಓದುವ ಮೊದಲು ಬಗ್ಗಿ ಟೈರಿನ ಪಕ್ಕೆ ಓದಿ. ಇಷ್ಟು ಸಾಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಉಳಿದವರಿಗೆ ಮೊದಲು ಆ "ಕೊಂಡು ಮುಗಿಸಿದರು" ಕಥೆ. ಅದನ್ನು ತಲೆಯಿಂದ ತೆಗೆಯದೆ ಮುಂದಿನದೇನೂ ಒಳಗೆ ಹೋಗುವುದಿಲ್ಲ.

ಈ ಉದ್ಯಮದ ದೊಡ್ಡ ಕಂಪನಿಗಳಲ್ಲೊಂದಾದ ಥಾರ್ ಇಂಡಸ್ಟ್ರೀಸ್ ಹುಟ್ಟಿದ್ದೇ 1980ರಲ್ಲಿ, ಏರ್‌ಸ್ಟ್ರೀಮ್ ಕೊಳ್ಳುವುದರ ಮೂಲಕ. ಆಮೇಲೆ 2001ರಲ್ಲಿ ಕೀಸ್ಟೋನ್, 2010ರಲ್ಲಿ ಹಾರ್ಟ್‌ಲ್ಯಾಂಡ್, 2016ರಲ್ಲಿ ಜೇಕೋ, 2020ರಲ್ಲಿ ಟಿಫಿನ್, ಅದರ ಜೊತೆಗೇ ವ್ಯಾನ್‌ಲೀ. ಫಾರೆಸ್ಟ್ ರಿವರ್ 2005ರಲ್ಲಿ ವಾರೆನ್ ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇ ಪಾಲಾಯಿತು. ವಿನ್ನೆಬೇಗೋ 2016ರಲ್ಲಿ ಗ್ರ್ಯಾಂಡ್ ಡಿಸೈನ್ ಕೊಂಡಿತು, 2019ರಲ್ಲಿ ನ್ಯೂಮಾರ್. ಪಟ್ಟಿ ಓದಿದರೆ ಕಥೆ ನಿಜವೆಂದೇ ಅನಿಸುತ್ತದೆ.

ಈಗ ಇನ್ನೊಂದು ಪಟ್ಟಿ ಮಾಡಿ. ಹಳಬರು ಯಾರ ಹೆಸರೆತ್ತಿ ನಿಟ್ಟುಸಿರು ಬಿಡುತ್ತಾರೋ ಅವರದ್ದು. ವಯೋಮಿಂಗಿನ ಟೀಟನ್ ಹೋಮ್ಸ್. ಕ್ಯಾಲಿಫೋರ್ನಿಯಾದ ಆಲ್ಫಾ. ಇಂಡಿಯಾನಾದ ಮಿಲ್ಲರ್ಸ್‌ಬರ್ಗಿನಲ್ಲಿ ಕ್ಯಾಮಿಯೋ, ಕ್ಯಾರಿ-ಲೈಟ್ ಕಟ್ಟುತ್ತಿದ್ದ ಕ್ಯಾರಿಯೇಜ್. ಕನ್ಸಾಸಿನ ಶನೂಟ್ ಊರಿನ ನೂವಾ, ಅವರ ಹಿಚ್‌ಹೈಕರ್. ಅದೇ ಕನ್ಸಾಸಿನ ಸ್ಮಿತ್ ಸೆಂಟರಿನಲ್ಲಿ ಪೀಟರ್ಸನ್‌ನವರ ಎಕ್ಸೆಲ್. ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಹೆಸರೂ ಎರಡರಲ್ಲೂ ಇಲ್ಲ. ಬಾಗಿಲು ಹಾಕುವವರೆಗೂ ಇವರಲ್ಲಿ ಯಾರೂ ಥಾರ್ ಕೈಸೇರಿರಲಿಲ್ಲ, ಫಾರೆಸ್ಟ್ ರಿವರ್ ಕೈಯನ್ನೂ ಸೇರಿರಲಿಲ್ಲ. ಸ್ವತಂತ್ರವಾಗಿದ್ದರು, ಸ್ವತಂತ್ರವಾಗಿಯೇ ಬಾಗಿಲು ಹಾಕಿದರು: ಟೀಟನ್ 2008ರ ಹೊತ್ತಿಗೆ, ಕ್ಯಾರಿಯೇಜ್ 2011ರಲ್ಲಿ, ಕನ್ಸಾಸಿನ ಇಬ್ಬರು ಅದಾದ ಕೆಲವೇ ವರ್ಷಗಳಲ್ಲಿ. ನ್ಯೂಮಾರ್ ಕೂಡ ಫಿಫ್ತ್ ವೀಲ್ ಕಟ್ಟುವುದನ್ನು ಬಿಟ್ಟದ್ದು ವಿನ್ನೆಬೇಗೋ ಬರುವ ಎಷ್ಟೋ ವರ್ಷ ಮೊದಲೇ. ಇನ್ನು ಹೆವಿ ಟ್ರೇಲರುಗಳಿಗೆ ಹೆಸರಾದ ಡಿಆರ್‌ವಿ 2015ರಲ್ಲಿ ಥಾರ್ ಗುಂಪಿಗೆ ಸೇರಿತಲ್ಲ, ಅದು ಕೊಂಡ ಮೇಲೂ ವರ್ಷಗಟ್ಟಲೆ ಮೊಬೈಲ್ ಸ್ವೀಟ್ಸ್ ಕಟ್ಟುತ್ತಲೇ ಇತ್ತು.

ಹಾಗಾದರೆ ಕೊಂದದ್ದು ಯಾರು? ಬ್ಯಾಂಕು, ಮತ್ತು ಬೇಸರ ಮಾಡಿಕೊಳ್ಳಬೇಡಿ, ಗಿರಾಕಿ.

ಡೀಲರ್ ಅಂಗಳದಲ್ಲಿ ನಿಂತ ಟ್ರೇಲರ್ ಡೀಲರನ ಸ್ವಂತ ದುಡ್ಡಿನದ್ದಲ್ಲ. ಫ್ಲೋರ್ ಪ್ಲ್ಯಾನ್ ಎನ್ನುವ ಸಾಲದಲ್ಲಿ ತಂದದ್ದು. ನಿಂತಷ್ಟು ದಿನ ಬಡ್ಡಿ ಏರುತ್ತದೆ. ಲಕ್ಷ ಡಾಲರಿನ ಟ್ರೇಲರ್ ಒಂದು ಎಂಟು ತಿಂಗಳು ಮಾರಾಟವಾಗದೆ ನಿಂತರೆ ಡೀಲರನ ಲಾಭವೆಲ್ಲ ಬಡ್ಡಿಗೆ ಜಮಾ. ಅದೇ ಜಾಗದಲ್ಲಿ ಮೂವತ್ತು ಸಾವಿರದ್ದು ತಿಂಗಳಿಗೆ ನಾಲ್ಕು ಹೋಗುತ್ತವೆ. 2008ರಲ್ಲಿ ಸಾಲ ಕೊಡುವವರು ಕೈ ಹಿಂದಕ್ಕೆಳೆದಾಗ ಡೀಲರುಗಳು ಮೊದಲು ರದ್ದು ಮಾಡಿದ್ದು ದುಬಾರಿ ಆರ್ಡರುಗಳನ್ನೇ. 2006ರಲ್ಲಿ ಇಡೀ ಉದ್ಯಮ 3.9 ಲಕ್ಷ ಗಾಡಿ ಕಳಿಸಿತ್ತು. 2009ರಲ್ಲಿ ಅದು ಸುಮಾರು 1.66 ಲಕ್ಷಕ್ಕೆ ಬಿತ್ತು. ಈ ಉದ್ಯಮದ ತವರಾದ ಇಂಡಿಯಾನಾದ ಎಲ್ಕ್‌ಹಾರ್ಟಿನ ದೊಡ್ಡವರು ಒಂದು ಪ್ಲ್ಯಾಂಟ್ ಮುಚ್ಚಿ ಇನ್ನೊಂದರಲ್ಲಿ ಅಗ್ಗದ್ದು ಕಟ್ಟಿ ಉಸಿರು ಹಿಡಿದರು. ಕನ್ಸಾಸಿನ ಸಣ್ಣ ಊರಿನಲ್ಲಿ ಇರುವುದೇ ಒಂದು ಪ್ಲ್ಯಾಂಟ್, ಅದರಲ್ಲಿ ಕಟ್ಟುವುದೇ ಒಂದು ತರಹದ ಗಾಡಿ. ಅಂಥವರು ಎಷ್ಟು ದಿನ ತಾಳಿಯಾರು?

ಗಿರಾಕಿಯ ಪಾಲು ಇನ್ನೂ ದೊಡ್ಡದು. ಒಳಗೆ ಕಾಲಿಟ್ಟವರು ನೋಡುವುದು ಅಡುಗೆಮನೆಯ ಐಲ್ಯಾಂಡ್, ವಿದ್ಯುತ್ ಅಗ್ಗಿಷ್ಟಿಕೆಯ ಬೆಳಕು, ಎರಡು ರಿಕ್ಲೈನರ್. ನೆಲದ ಕೆಳಗಿನ ಐ-ಬೀಮ್ ಹತ್ತು ಇಂಚಿನದೋ ಹನ್ನೆರಡರದ್ದೋ ಎಂದು ಕೇಳಿದವರು ನೂರಕ್ಕೆ ಎಷ್ಟು ಜನ? ಕಾಣದ ಉಕ್ಕಿಗೆ ದುಡ್ಡು ಸುರಿದವನು ಸೋತ, ಕಾಣುವ ಕೌಂಟರ್‌ಟಾಪ್‌ಗೆ ಸುರಿದವನು ಗೆದ್ದ. ಮೇಲೆ ಥಳುಕು ಒಳಗೆ ಹುಳುಕು ಅಂತ ಈಗ ಬೈಯುತ್ತೇವೆ. ಥಳುಕಿಗೆ ಚೆಕ್ ಬರೆದವರೂ ನಾವೇ. ಇನ್ನೊಂದು ವಿಪರ್ಯಾಸ ನೋಡಿ: ಆ ಹಳೆಯ ಭಾರದ ಟ್ರೇಲರುಗಳು 18,000 ಪೌಂಡ್ ದಾಟುತ್ತಿದ್ದವು, ಎಳೆಯಲು ಸರಕಿನ ಲಾರಿಯಂಥ ಟ್ರಕ್ಕೇ ಬೇಕು ಎಂದು ಜನ ಹಿಂದೆ ಸರಿದರು. ಇವತ್ತಿನ ಒಂದು ಟನ್ ದರ್ಜೆಯ ಕೆಲವು ಡ್ಯುಯಲಿಗಳಿಗೆ (ಹಿಂದೆ ನಾಲ್ಕು ಚಕ್ರದ ಪಿಕಪ್ ಟ್ರಕ್ಕು) 30,000 ಪೌಂಡ್ ಮೀರಿದ ಟೋ ರೇಟಿಂಗ್, ಅಂದರೆ ಎಳೆಯಬಲ್ಲ ತೂಕ, ಇದೆ. ಎಳೆಯುವವರು ಬಂದರು, ಕಟ್ಟುವವರು ಹೋದರು.

ಇಷ್ಟುದ್ದ ಹೇಳಲು ಕಾರಣವಿದೆ. ಈ ಕಥೆ ನಂಬಿದವರು ಮಾಡುವ ಮುಂದಿನ ತಪ್ಪು ಒಂದೇ: "ಸ್ವತಂತ್ರ ಕಂಪನಿಯದ್ದು ಕೊಂಡರೆ ಮುಗೀತು." ಉತ್ತರ ಇಂಡಿಯಾನಾದಲ್ಲಿ ಯಾರೇ ಟ್ರೇಲರ್ ಕಟ್ಟಲಿ, ಫ್ರೇಮ್, ಕೋಣೆಯ ಗೋಡೆ ಹೊರಚಾಚುವ ಸ್ಲೈಡ್ ಯಂತ್ರ, ಕಿಟಕಿ, ಲೆವೆಲಿಂಗ್ ಕಾಲು ಬಹುತೇಕ ಲಿಪ್ಪರ್ಟ್ ಎಂಬ ಬಿಡಿಭಾಗದ ಕಂಪನಿಯಿಂದ ಬರುತ್ತವೆ. ಫ್ರಿಜ್ಜು, ಹೀಟರು, ಏಸಿ ಮಾಡುವವರೂ ಬೆರಳೆಣಿಕೆಯಷ್ಟೇ. ಕಟ್ಟುವ ಕೈಗಳೂ ಅವೇ. ಅಲ್ಲಿ ಕೂಲಿ ಹೆಚ್ಚಾಗಿ ಪೀಸ್ ಲೆಕ್ಕದಲ್ಲಿ: ಇವತ್ತಿನ ಕೋಟಾ ಮುಗಿದರೆ ಮಧ್ಯಾಹ್ನವೇ ಮನೆಗೆ. ಒಂದು ಸ್ಕ್ರೂ ಮರದ ಪಟ್ಟಿ ತಪ್ಪಿಸಿ ಬರೀ ಪ್ಯಾನೆಲಿಗೆ ಹೋಯಿತು ಎಂದು ಲೈನ್ ನಿಲ್ಲಿಸುವವನು ಇಡೀ ಗುಂಪಿನ ಊಟ ತಡಮಾಡುತ್ತಾನೆ. ಮಾಲೀಕನ ಹೆಸರು ಬದಲಾದರೆ ಇದು ಬದಲಾಗುವುದಿಲ್ಲ. ಮಾಲೀಕರೂ ಸುತ್ತುತ್ತಲೇ ಇರುತ್ತಾರೆ: ಕೀಸ್ಟೋನಿನಿಂದ ಬಂದವರು 2012ರಲ್ಲಿ ಗ್ರ್ಯಾಂಡ್ ಡಿಸೈನ್ ಕಟ್ಟಿದರು, ನಾಲ್ಕು ವರ್ಷಕ್ಕೆ ಮಾರಿದರು, ಅಲ್ಲಿಂದ ಬಂದವರು 2022ರಲ್ಲಿ ಬ್ರಿಂಕ್ಲಿ ಶುರುಮಾಡಿದರು.

ಸರಿ, ಕೊಳ್ಳುವ ವಿಷಯ. ಹೊಸದೇ ಬೇಕೆನ್ನುವವರಿಗೆ ಮಧ್ಯಮ ಬೆಲೆಯಲ್ಲಿ 2019ರಲ್ಲಿ ಶುರುವಾದ ಅಲೈಯನ್ಸ್, ಈ ಬ್ರಿಂಕ್ಲಿ, ಮತ್ತೆ ಗ್ರ್ಯಾಂಡ್ ಡಿಸೈನ್, ಕೀಸ್ಟೋನಿನ ಮೊಂಟಾನಾ. ಮೇಲಿನ ದರ್ಜೆಯಲ್ಲಿ ಡೀಲರನ್ನು ಬಿಟ್ಟು ನೇರವಾಗಿ ಮಾರುವ ಲಕ್ಸ್. ತನ್ನ ಚಾಸಿಯನ್ನು ತಾನೇ ಬೆಸೆಯುವವರು ಬೇಕೆಂದರೆ ಒರೆಗಾನಿನ ಲಾ ಗ್ರ್ಯಾಂಡಿನಲ್ಲಿ 1993ರಿಂದ ಇರುವ ನಾರ್ತ್‌ವುಡ್, ಅವರ ಆರ್ಕ್ಟಿಕ್ ಫಾಕ್ಸ್. ಒಳಾಲಂಕಾರ ಹಳೆಯ ಕಾಲದ್ದು, ಅದನ್ನು ದೂರುವವರು ಈ ಲೇಖನವನ್ನು ಮೊದಲಿಂದ ಓದಬೇಕು. ಇಬ್ಬರಿಗೆ ಸಣ್ಣದು ಸಾಕಾದರೆ ಮಿನೆಸೋಟಾದ ಸ್ಕ್ಯಾಂಪ್ 19 ಅಡಿಯದ್ದು ಇದೆ, ಮೊಟ್ಟೆಯ ಹಾಗೆ ಫೈಬರ್‌ಗ್ಲಾಸಿನಲ್ಲಿ ಎರಕ ಹೊಯ್ದದ್ದು. ಗೋಡೆ-ಚಾವಣಿಗೆ ಅಂಚಿನ ಕೀಲು ಕಡಿಮೆ, ಹಾಗಾಗಿ ನೀರು ಇಳಿಯುವ ದಾರಿಯೂ ಕಡಿಮೆ.

ಆದರೆ ನನ್ನ ಸಲಹೆ ಮೂರ್ನಾಲ್ಕು ವರ್ಷದ್ದು, ಮೊದಲ ಮಾಲೀಕ ಅದರಲ್ಲಿ ನಿಜವಾಗಿ ಓಡಾಡಿದ್ದು. ಹೊಸ ಗಾಡಿಯ ತೊಂದರೆಗಳೆಲ್ಲ ಮೊದಲ ವರ್ಷದಲ್ಲೇ ಎದ್ದು ಬರುತ್ತವೆ, ಅವನ್ನು ಅವರು ಸರಿಮಾಡಿಸಿರುತ್ತಾರೆ. ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ನಿಂತೇ ಇದ್ದದ್ದು ಬೇಡ. 2021 ಮತ್ತು 2022ರಲ್ಲಿ ಕಟ್ಟಿದ್ದನ್ನು ಎರಡು ಪಟ್ಟು ಅನುಮಾನದಿಂದ ನೋಡಿ. 2021ರಲ್ಲಿ ಉದ್ಯಮ ದಾಖಲೆಯ ಆರು ಲಕ್ಷ ಗಾಡಿ ಕಳಿಸಿತು, ಭಾಗಗಳ ಕೊರತೆಯ ನಡುವೆ, ಹೊಸ ಕೈಗಳಿಂದ.

ನೋಡುವುದು ಹೇಗೆ? ಇಬ್ಬರು ಹೋಗಿ. ಒಬ್ಬರು ಮುಂದಿನ ಲ್ಯಾಂಡಿಂಗ್ ಕಾಲುಗಳನ್ನು ನಾಲ್ಕಿಂಚು ಎತ್ತಿ ಇಳಿಸಲಿ. ಇನ್ನೊಬ್ಬರು ಮಲಗುವ ಕೋಣೆ ಮುಂದಕ್ಕೆ ಚಾಚಿದ ಮೂಲೆಯ ಕೆಳಗೆ ನಿಂತು, ಮುಂದಿನ ಕ್ಯಾಪು (ಮೂತಿಯ ಹೊದಿಕೆ) ಪಕ್ಕದ ಗೋಡೆಗೆ ಸೇರುವ ಕಡೆ ಹೆಬ್ಬೆರಳು ಇಡಲಿ. ಆ ಸಂದು ಬೆರಳ ಕೆಳಗೆ ತೆರೆದು ಮುಚ್ಚಿದರೆ ಫ್ರೇಮಿನ ಮೇಲಂತಸ್ತು ಬಾಗುತ್ತಿದೆ, ಬೆಸುಗೆ ಬಿಟ್ಟಿರಬಹುದು. ಅಲ್ಲಿಂದಲೇ ವಾಪಸ್ ಬನ್ನಿ. ಒಳಗೆ ಹೋದರೆ ಅದೇ ಮೂಲೆಯಲ್ಲಿ ಪಟ್ಟಿ ಗೋಡೆ ಬಿಟ್ಟಿರುತ್ತದೆ, ಸ್ಕ್ರೂ ತೂತು ಕಣ್ಣೀರ ಹನಿಯ ಆಕಾರಕ್ಕೆ ಹಿಗ್ಗಿರುತ್ತದೆ.

ಆಮೇಲೆ ಆಕ್ಸಲ್. ಎಲೆ ಸ್ಪ್ರಿಂಗುಗಳನ್ನು ಹಿಡಿದ ಬೋಲ್ಟುಗಳ ಸುತ್ತ ಫ್ಯಾಕ್ಟರಿಯವರು ಹಾಕುವುದು ನೈಲಾನ್ ಬುಷ್. ಕೆಲವೇ ಸಾವಿರ ಮೈಲಿಗೆ ಸವೆದು ಬೋಲ್ಟು ಉಕ್ಕನ್ನೇ ತಿನ್ನತೊಡಗುತ್ತದೆ, ದುಂಡನೆಯ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕಂಚಿನ ಬುಷ್ ಮತ್ತು ಗ್ರೀಸ್ ತುಂಬುವ ವೆಟ್ ಬೋಲ್ಟಿನ ಕಿಟ್ ಹಾಕಿಸಿದ್ದರೆ ಆ ಮಾಲೀಕನಿಗೆ ತಿಳಿವಳಿಕೆ ಇದೆ ಎಂದರ್ಥ, ಉಳಿದದ್ದನ್ನೂ ಚೆನ್ನಾಗಿಟ್ಟಿರುತ್ತಾನೆ.

ಟೈರು. 7,000 ಪೌಂಡಿನ ಆಕ್ಸಲಿಗೆ ಎಸ್‌ಟಿ 235/80ಆರ್16 ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಇ ಹಾಕಿದ್ದರೆ ಒಂದೊಂದು ಟೈರು ಹೊರುವುದು 3,520 ಪೌಂಡ್, ಅದೂ 80 ಪಿಎಸ್ಐ ಗಾಳಿ ಪೂರ್ತಿ ಇದ್ದಾಗ. ಎರಡು ಸೇರಿ 7,040. ಮೀಸಲು ನಲವತ್ತು ಪೌಂಡ್, ಇಪ್ಪತ್ತು ಪೌಂಡಿನ ಎರಡು ಅಕ್ಕಿ ಚೀಲದಷ್ಟು. ಬೇಸಿಗೆಯಲ್ಲಿ ಅರಿಝೋನಾ ರಸ್ತೆಯಲ್ಲಿ ಒಂದು ಟೈರಿನ ಗಾಳಿ ತುಸು ಇಳಿದರೆ ಸಿಡಿಯುತ್ತದೆ, ಸಿಡಿದ ಪಟ್ಟಿ ಮೇಲಿನ ವೈರು, ಗ್ಯಾಸ್ ಪೈಪು ಎಲ್ಲ ಕಿತ್ತುಕೊಂಡು ಹೋಗುತ್ತದೆ. 4,400 ಪೌಂಡ್ ಹೊರುವ ರೇಂಜ್ ಜಿ ಇದ್ದರೆ ಕಟ್ಟಿದವನು ಲೆಕ್ಕ ಮಾಡಿದ್ದಾನೆ. ಜಿಗೆ ಬದಲಾಯಿಸುವವರು ರಿಮ್ಮಿಗೂ 110 ಪಿಎಸ್ಐ ತಾಳುವ ಶಕ್ತಿ ಇದೆಯೇ ಎಂದು ನೋಡಿಕೊಳ್ಳಿ. ಟೈರಿನ ಪಕ್ಕೆಯ ಮೇಲಿನ ಡಾಟ್ (DOT) ಗುರುತಿನ ಕೊನೆಯ ನಾಲ್ಕು ಅಂಕಿ 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಗೆರೆ ಎಷ್ಟೇ ಚೆನ್ನಾಗಿರಲಿ, ಬದಲಾಯಿಸುವ ಖರ್ಚು ಬೆಲೆಯಲ್ಲಿ ಕಳೆಯಿರಿ.

ಸಂಜೆ ಹೊತ್ತು ಟಾರ್ಚನ್ನು ಪಕ್ಕದ ಗೋಡೆಗೆ ಒರಗಿಸಿ ಬೆಳಕು ಬಿಟ್ಟರೆ ಉಬ್ಬು ಕಾಣುತ್ತದೆ. ಅದು ನೀರು ನುಗ್ಗಿ ಪದರ ಬಿಟ್ಟದ್ದು, ರಿಪೇರಿ ಇಲ್ಲ ಅಂತಲೇ ತಿಳಿಯಿರಿ. ಚಾವಣಿಯ ಮೇಲೆ ಏಸಿ ಸುತ್ತ ಕಾಲು ಒತ್ತಿ ಮೆದು ಜಾಗ ಹುಡುಕಿ. ಗ್ಯಾಸಿನ ಹಳೆಯ ಫ್ರಿಜ್ಜಿನ ಹಿಂದೆ ಹಳದಿ ಪುಡಿ, ಅಮೋನಿಯಾ ಘಾಟು ಇದ್ದರೆ ಅದರ ಕಥೆ ಮುಗಿದಿದೆ. ಇದೆಲ್ಲ ಆಗದವರು ನ್ಯಾಷನಲ್ ರೆಕ್ರಿಯೇಷನಲ್ ವೆಹಿಕಲ್ ಇನ್‌ಸ್ಪೆಕ್ಟರ್ಸ್ ಅಸೋಸಿಯೇಷನ್ ಪ್ರಮಾಣಪತ್ರ ಇರುವವರನ್ನು ನೀವೇ ಗೊತ್ತುಮಾಡಿ, ಡೀಲರ್ ತೋರಿಸಿದವರನ್ನಲ್ಲ.

ಮುಚ್ಚಿಹೋದವರ ಹಳೆಯ ಗಾಡಿ ಕೊಳ್ಳಬಹುದಾ ಎಂದು ಕೇಳುವಿರಿ. ಕೊಳ್ಳಬಹುದು. ಒಳಗಿನ ಯಂತ್ರಗಳೆಲ್ಲ ಎಲ್ಲರಿಗೂ ಹೊಂದುವ ಮಾಲು, ಸಿಗುತ್ತದೆ. ಸಿಗದಿರುವುದು ಮುಂದಿನ ಕ್ಯಾಪು, ಆ ಕಾಲದ ಕಿಟಕಿ, ಬಾಗಿದ ಅಂಚಿನ ಪಟ್ಟಿ. ಇನ್ನೊಂದು ತೊಡಕು: ಹತ್ತು ವರ್ಷ ದಾಟಿದ ಗಾಡಿಗೆ ಕೆಲವು ಟ್ರೇಲರ್ ಪಾರ್ಕುಗಳಲ್ಲಿ ಪ್ರವೇಶವಿಲ್ಲ.

(ನಮ್ಮವರಿಗೆ ಮಾತ್ರ ಒಂದು ಮಾತು: ಒಗ್ಗರಣೆ ಘಾಟು ಹೊರಗೇ ಹೋಗುತ್ತಿಲ್ಲ ಎಂದು ಫ್ಯಾನ್ ಬದಲಾಯಿಸುವ ಮುನ್ನ ಹೊರಗೋಡೆಯಲ್ಲಿ ಹುಡ್‌ನ ಮುಚ್ಚಳ ನೋಡಿ. ಓಡುವಾಗ ಬಡಿಯದಿರಲೆಂದು ಅದಕ್ಕೆ ಸಣ್ಣ ಕೊಕ್ಕೆಗಳಿರುತ್ತವೆ. ಅವನ್ನು ತೆಗೆಯದೆಯೇ ವರ್ಷಗಟ್ಟಲೆ ಅಡುಗೆ ಮಾಡಿದವರಿದ್ದಾರೆ.)

ಯಾರೂ ಕೇಳದ ಪ್ರಶ್ನೆಯೊಂದಿದೆ, ಕೇಳಲೇಬೇಕಾದದ್ದು: ಟ್ರಕ್ಕು ಯಾವುದು? ಟೋ ರೇಟಿಂಗ್ ಮರೆತುಬಿಡಿ. ಚಾಲಕನ ಬಾಗಿಲ ಕಂಬದಲ್ಲಿರುವ ಹಳದಿ ಸ್ಟಿಕರ್ ಓದಿ, ಅಲ್ಲಿರುವ ಪೇಲೋಡ್ (ಟ್ರಕ್ಕು ಹೊರಬಹುದಾದ ತೂಕ) ಅಷ್ಟೇ ನಿಮ್ಮ ಬಂಡವಾಳ. ಟ್ರೇಲರಿನ ಗರಿಷ್ಠ ತೂಕ 15,500 ಪೌಂಡ್ ಎಂದಿಟ್ಟುಕೊಳ್ಳಿ. ಬ್ರೋಷರಿನಲ್ಲಿ ಪಿನ್ ತೂಕ (ಟ್ರೇಲರಿನ ಮೂತಿ ಟ್ರಕ್ಕಿನ ಮೇಲೆ ಹೊರಿಸುವ ಭಾರ) 2,600 ಅಂತ ಇರುತ್ತದೆ, ಅದು ಖಾಲಿ ಡಬ್ಬದ್ದು. ಸಾಮಾನು ತುಂಬಿದ ಮೇಲೆ ಒಟ್ಟು ತೂಕದ ಶೇ. 22ರಷ್ಟು ಪಿನ್ ಮೇಲೆ ಬರುತ್ತದೆ: 3,410. ಟ್ರೇಲರ್ ಸಿಕ್ಕಿಸುವ ಹಿಚ್ 200, ನೀವಿಬ್ಬರು ಮತ್ತು ಟ್ರಕ್ಕಿನೊಳಗಿನ ಸಾಮಾನು 450. ಒಟ್ಟು 4,060. ಮುಕ್ಕಾಲು ಟನ್ನಿನ ಡೀಸೆಲ್ ಕ್ರೂ ಕ್ಯಾಬ್‌ಗಳ ಸ್ಟಿಕರಿನಲ್ಲಿ ಸಾಮಾನ್ಯವಾಗಿ ಇರುವುದು 2,000ದಿಂದ 2,600. ಡೀಲರ್ "ಆರಾಮಾಗಿ ಎಳೆಯುತ್ತೆ ಸಾರ್" ಎನ್ನುತ್ತಾನೆ. ಎಳೆಯುತ್ತದೆ, ಹೊರುವುದಿಲ್ಲ. ನಿಮಗೆ ಬೇಕಾದದ್ದು ಹಿಂದೆ ನಾಲ್ಕು ಚಕ್ರದ ಒಂದು ಟನ್ನಿನದ್ದು. ಕೊಂಡ ಮೇಲೆ ತುಂಬಿದ ಗಾಡಿಯನ್ನು ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿ, ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಬೇರೆ ಬೇರೆಯಾಗಿ ತೂಗಿ ಚೀಟಿ ಕೊಡುತ್ತಾರೆ.

ಲೈಸೆನ್ಸ್ ಕೂಡ. ಕ್ಯಾಲಿಫೋರ್ನಿಯಾದಲ್ಲಿ ಗರಿಷ್ಠ ತೂಕ 10,000 ಪೌಂಡ್ ಮೀರಿ 15,000ದವರೆಗಿನ ಫಿಫ್ತ್ ವೀಲಿಗೆ ನಿಮ್ಮ ಮಾಮೂಲಿ ಕ್ಲಾಸ್ ಸಿ ಮೇಲೆ ಪ್ರತ್ಯೇಕ ಅನುಮತಿ ಬೇಕು, 15,000 ದಾಟಿದರೆ ವಾಣಿಜ್ಯೇತರ ಕ್ಲಾಸ್ ಎ. ಟೆಕ್ಸಸ್‌ನಲ್ಲಿ ಟ್ರೇಲರ್ 10,000 ಮೀರಿ, ಟ್ರಕ್ಕೂ ಸೇರಿ ರೇಟಿಂಗ್ 26,001 ಮುಟ್ಟಿದರೆ ಅಲ್ಲೂ ಕ್ಲಾಸ್ ಎ. ಡೀಲರ್ ಇದನ್ನು ಕೇಳುವುದಿಲ್ಲ, ಕೀಲಿ ಕೊಟ್ಟು ಕಳಿಸುತ್ತಾನೆ. ಅಪಘಾತವಾದ ಮೇಲೆ ವಿಮೆಯವರು ಕೇಳುತ್ತಾರೆ. ಕ್ಯಾಲಿಫೋರ್ನಿಯಾದ ಕ್ಲಾಸ್ ಎ ಟೆಸ್ಟಿಗೆ ಆ ದರ್ಜೆಯ ಟ್ರಕ್ಕು, ಟ್ರೇಲರ್ ನೀವೇ ತರಬೇಕು, ಜೊತೆಗೆ ಅದನ್ನು ಓಡಿಸುವ ಲೈಸೆನ್ಸ್ ಇರುವವರೊಬ್ಬರು ಬರಬೇಕು. ಆ ಒಬ್ಬರನ್ನು ಈಗಿನಿಂದಲೇ ಹುಡುಕಿಡಿ, ಟ್ರೇಲರ್ ಹುಡುಕುವುದಕ್ಕಿಂತ ಅದೇ ಕಷ್ಟ.